ಎಂಜಿನ್ ನಿಲ್ಲುವ ಮುನ್ನವೇ ತೆರೆದ ಬಾಗಿಲು

ಬೋಯಿಂಗ್ ಜೆಟ್ ವಿಮಾನದ ಕಾಕ್‌ಪಿಟ್‌ನಲ್ಲಿ ಎಂಜಿನ್ ನಿಲ್ಲಿಸುವ ಮುಖ್ಯ ಸಾಧನಗಳು ಎರಡು. ಥ್ರಸ್ಟ್ ಲಿವರ್‌ಗಳ ಕೆಳಗಿರುವ ಇಂಧನ ಸ್ವಿಚ್ಚು 2025ರ ಅಹಮದಾಬಾದ್ ವಿಮಾನ ದುರಂತದ ಬಳಿಕ ಪತ್ರಿಕೆ ಓದುವವರಿಗೆಲ್ಲ ಪರಿಚಿತವೇ; ಕೈತಾಗಿ ಸರಿಯಬಾರದೆಂದು ಅದನ್ನು ಮೇಲಕ್ಕೆತ್ತಿಯೇ ಸರಿಸುವಂತೆ ಮಾಡಲಾಗಿದೆ. ಇನ್ನೊಂದು ಫೈರ್ ಹ್ಯಾಂಡಲ್: ಎಳೆದರೆ ಎಂಜಿನ್ನಿಗೆ ಹೋಗುವ ಇಂಧನ ಮತ್ತು ಹೈಡ್ರಾಲಿಕ್ ದ್ರವದ ಕವಾಟಗಳು ಮುಚ್ಚಿಕೊಳ್ಳುತ್ತವೆ, ತಿರುಗಿಸಿದರೆ ಬೆಂಕಿ ನಂದಿಸುವ ಅನಿಲ ಬಾಟಲಿಯಿಂದ ಚಿಮ್ಮುತ್ತದೆ.

ಈ ಸಾಧನಗಳನ್ನು ಆತುರದಿಂದ ಮುಟ್ಟಬಾರದೆಂಬ ಶಿಸ್ತಿಗೆ ತಕ್ಕ ಕಾರಣಗಳಿವೆ. 1989ರ ಜನವರಿ 8ರಂದು ಬ್ರಿಟನ್ನಿನ ಕೆಗ್‌ವರ್ತ್ ಬಳಿ ಬಿದ್ದ ಬೋಯಿಂಗ್ 737ರಲ್ಲಿ ಕೆಟ್ಟದ್ದು ಎಡ ಎಂಜಿನ್, ಪೈಲಟ್‌ಗಳು ನಿಲ್ಲಿಸಿದ್ದು ಬಲಗಡೆಯದು. 47 ಮಂದಿ ಸತ್ತರು. ಇಂಥ ತಪ್ಪಾಗದಂತೆ ಒಬ್ಬ ಪೈಲಟ್ ಹೆಸರಿಸಿದ್ದನ್ನು ಇನ್ನೊಬ್ಬರು ದೃಢಪಡಿಸಿದ ಮೇಲಷ್ಟೇ ಕೈ ಮುಂದುವರಿಯಬೇಕು, ಮೊದಲ ಬಾಟಲಿ ಖಾಲಿಯಾದ ಮೇಲೆ 30 ಸೆಕೆಂಡು ಕಾದು, ಬೆಂಕಿಯ ಸೂಚನೆ ಉಳಿದಿದ್ದರೆ ಮಾತ್ರ ಎರಡನೆಯದನ್ನು ಬಳಸಬೇಕು. ಆಕಾಶದಲ್ಲಿ ಈ ನಿಧಾನ ವಿವೇಕವೇ ಸರಿ. ನೆಲದ ಮೇಲೆ ಅದೇ ನಿಧಾನ ಏನು ಮಾಡೀತೆಂಬುದನ್ನು ಷಿಕಾಗೊದ ಓಹೇರ್ ನಿಲ್ದಾಣ ತೋರಿಸಿತು.

2016ರ ಅಕ್ಟೋಬರ್ 28ರಂದು ಅಲ್ಲಿಂದ ಮಯಾಮಿಗೆ ಹೊರಟ ಅಮೆರಿಕನ್ ಏರ್‌ಲೈನ್ಸ್‌ನ ಬೋಯಿಂಗ್ 767ರ ಬಲ ಎಂಜಿನ್ನಿನ ಟರ್ಬೈನ್ ಚಕ್ರ ಓಟದ ನಡುವೆಯೇ ಒಡೆದು, ಅದರ ಒಂದು ತುಂಡು ಸುಮಾರು 900 ಮೀಟರ್ ದೂರದ ಗೋದಾಮಿಗೆ ಹೋಗಿ ಬಿತ್ತು. ಕ್ಯಾಪ್ಟನ್ ಟೇಕ್‌ಆಫ್ ಕೈಬಿಟ್ಟು ವಿಮಾನ ನಿಲ್ಲಿಸಿದರೂ, ಕೈಗೆತ್ತಿಕೊಂಡ ಎಂಜಿನ್-ಬೆಂಕಿಯ ಚೆಕ್‌ಲಿಸ್ಟ್ ನೆಲ, ಆಕಾಶ ಎಂಬ ಭೇದವನ್ನೇ ಮಾಡಿರಲಿಲ್ಲ. ಹೀಗಾಗಿ ಕಾಕ್‌ಪಿಟ್ಟಿನವರು ಬಲ ಎಂಜಿನ್ನಿನ ಕ್ರಮಗಳನ್ನು ಒಂದೊಂದಾಗಿ ಮುಗಿಸುತ್ತಿದ್ದರು. ಎಡ ಎಂಜಿನ್ ಇನ್ನೂ ಓಡುತ್ತಿತ್ತು. ಕಿಟಕಿಯಾಚೆ ಜ್ವಾಲೆ, ಕ್ಯಾಬಿನ್ನಿನೊಳಗೆ ಹೊಗೆ. ಗಗನಸಖಿಯರಿಗೆ ಇಂಟರ್‌ಫೋನ್‌ನಲ್ಲಿ ಕಾಕ್‌ಪಿಟ್ಟಿನ ಸಂಪರ್ಕವೂ ಸಿಗಲಿಲ್ಲ. ಆದೇಶಕ್ಕೆ ಕಾಯದೆ ಅವರು ಪ್ರಯಾಣಿಕರ ತೆರವು ಆರಂಭಿಸಿದ್ದನ್ನು ಅಪಘಾತದ ತನಿಖಾ ಮಂಡಳಿ ಸಮರ್ಥಿಸಿತು; ಅವರ ಜಾಗದಲ್ಲಿ ಯಾರಿದ್ದರೂ ಬೇರೇನು ಮಾಡಲು ಸಾಧ್ಯವಿತ್ತು? ಆದರೆ ಎಡ ರೆಕ್ಕೆಯ ಮೇಲಿನ ಬಾಗಿಲಿನಿಂದ ಇಳಿದ ಪ್ರಯಾಣಿಕರೊಬ್ಬರನ್ನು ಎಂಜಿನ್ನಿನ ಗಾಳಿ ಹೊಡೆದುರುಳಿಸಿ ತೀವ್ರವಾಗಿ ಗಾಯಗೊಳಿಸಿತು. ಎಂಜಿನ್ ನಿಲ್ಲುವವರೆಗೂ ಆ ಬಾಗಿಲನ್ನು ತಡೆದಿರಬೇಕಿತ್ತು ಎಂದೂ ಮಂಡಳಿ ಹೇಳಿತು. ವಿಮಾನದಲ್ಲಿದ್ದ 170 ಮಂದಿಯೂ ಬದುಕಿದರು.

ತೆರವಿನ ಪ್ರತ್ಯೇಕ ಚೆಕ್‌ಲಿಸ್ಟ್‌ನಲ್ಲಿ ಎರಡೂ ಇಂಧನ ಸ್ವಿಚ್ಚುಗಳನ್ನು ಮುಚ್ಚುವ ಕ್ರಮ ಆರಂಭದ ಸಾಲುಗಳಲ್ಲೇ ಇತ್ತು. ತೊಡಕಿದ್ದದ್ದು ಆ ಪುಟಕ್ಕೆ ತಲುಪುವ ದಾರಿಯಲ್ಲಿ, ಏಕೆಂದರೆ ಅದಕ್ಕೂ ಮೊದಲು ಹಾರಾಟಕ್ಕೆಂದು ಬರೆದ ಪುಟವನ್ನು ದಾಟಬೇಕಿತ್ತು. ನೆಲದ ಮೇಲಿನ ಬೆಂಕಿಗೆ, ತೆರವನ್ನು ತಡಮಾಡದ ಬೇರೆಯೇ ಚೆಕ್‌ಲಿಸ್ಟ್ ಬೇಕೆಂದು ಮಂಡಳಿ ಶಿಫಾರಸು ಮಾಡಿದ್ದು ಈ ಕಾರಣಕ್ಕೆ.