ಮಹಾಕೂಟದ ಸ್ತಂಭವೂ ಕ್ರೈಸ್ತ ಪಂಥಗಳೂ: ವಿದ್ಯಾರ್ಥಿಗಳ ಒಂದು ತೀರ್ಮಾನದ ವಿಮರ್ಶೆ

ಮಹಾಕೂಟವನ್ನು ನೋಡಿಬಂದ ಇತಿಹಾಸದ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಒಂದು ತೀರ್ಮಾನವು ಮೇಲಿಂದ ಮೇಲೆ ಕಾಣಬರುತ್ತದೆ. ನಮ್ಮಲ್ಲಿ ಶೈವ ವೈಷ್ಣವರು ಕೂಡಿ ಬಾಳಿದರು. ಯುರೋಪಿನಲ್ಲಿ ಕ್ಯಾಥೊಲಿಕರೂ ಪ್ರೊಟೆಸ್ಟಂಟರೂ ಕಾದಾಡಿದರು. ಆ ಹಗೆಯು ಅವರ ಸ್ವಭಾವವೇ ಸರಿ ಎಂಬುದು ಅದರ ಸಾರ. ಈ ತಕ್ಕಡಿಯ ಎರಡು ತಟ್ಟೆಗಳಲ್ಲಿರುವ ಸಾಮಗ್ರಿಯು ಒಂದೇ ಬಗೆಯದಲ್ಲ.

ಬಾದಾಮಿಯಲ್ಲಿ 578ರಲ್ಲಿ ವಿಷ್ಣುಗುಹೆಯನ್ನು ಮಾಡಿಸಿದ ಮಂಗಲೇಶನೇ, 602ರ ಮಹಾಕೂಟ ಸ್ತಂಭಶಾಸನದಂತೆ, ಕಲಚುರಿಗಳಿಂದ ಗೆದ್ದ ಐಶ್ವರ್ಯವನ್ನು ಮಕುಟೇಶ್ವರನಿಗೆ ಅರ್ಪಿಸಿದನು. ದುರ್ಲಭದೇವಿಯು ಕೊಟ್ಟ ಹತ್ತು ಗ್ರಾಮಗಳ ದತ್ತಿಯೂ ಅಲ್ಲಿ ಉಕ್ತವಾಗಿದೆ. (ಸ್ತಂಭವು ಈಗ ಇರುವುದು ವಿಜಯಪುರದ ವಸ್ತುಸಂಗ್ರಹಾಲಯದಲ್ಲಿ, ಮಹಾಕೂಟದಲ್ಲಿ ಅದನ್ನು ಕಂಡೆವೆಂದು ಬರೆಯುವವರೂ ಉಂಟು!) ಇದು ಅರಮನೆಯ ಔದಾರ್ಯಕ್ಕೆ ಸಾಕ್ಷಿ. ಎರಡು ಪಂಥಗಳ ಸಾಮಾನ್ಯ ಜನರು ಪರಸ್ಪರ ಹೇಗೆ ನಡೆದುಕೊಂಡರೆಂಬುದನ್ನು ದಾನಶಾಸನವು ಹೇಳದು. ಹೇಳುವುದು ಅದರ ಕೆಲಸವೂ ಅಲ್ಲ.

ಇನ್ನೊಂದು ತಟ್ಟೆಗೆ ಅವರು ಮೂವತ್ತು ವರ್ಷಗಳ ಯುದ್ಧವನ್ನು (1618–1648) ಹಾಕುತ್ತಾರೆ. ಕನ್ನಡ ನಾಡಿನ ಸಾಮಗ್ರಿಯನ್ನು ಯಾರೂ ತರುವುದಿಲ್ಲ. ಮೈಸೂರು ಸೀಮೆಯಲ್ಲಿ ಬಹುಕಾಲವಿದ್ದ ಕ್ಯಾಥೊಲಿಕ್ ಪಾದ್ರಿ ಅಬ್ಬೆ ದುಬಾಯ್, 1823ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪತ್ರಗಳಲ್ಲಿ, ಬೈಬಲ್ಲಿನ ಅನುವಾದಗಳನ್ನು ಹಂಚುವ ಪ್ರೊಟೆಸ್ಟಂಟರ ಮಾರ್ಗವನ್ನು ಕಟುವಾಗಿ ಖಂಡಿಸಿದನು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಕನ್ನಡ ಅನುವಾದದಲ್ಲಿ ತೊಡಗಿದ್ದ ಕಾಲವದು. ಮರುವರ್ಷವೇ ಜೇಮ್ಸ್ ಹಫ್ ಮೊದಲಾದವರು ಪ್ರತ್ಯುತ್ತರವಿತ್ತರು. ವಾದವು ತೀಕ್ಷ್ಣವೇ, ಆದರೆ ನಡೆದುದು ಅಚ್ಚಿನ ಪುಟಗಳಲ್ಲಿ.

ಪ್ರೊಟೆಸ್ಟಂಟರೆಂಬುದೂ ಒಂದೇ ಗುಂಪಲ್ಲ. ಮಹಾಕೂಟಕ್ಕೆ ಅನತಿದೂರದ ಗುಳೇದಗುಡ್ಡದಲ್ಲಿ 1851ರಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನಲ್ಲಿಯೇ ಲೂಥರನ್ ಪಂಥದವರೂ ರಿಫಾರ್ಮ್ಡ್ ಪಂಥದವರೂ ಜೊತೆಯಾಗಿ ದುಡಿದರು. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮುಂತಾದವರು ಕೂಡಿ ದಕ್ಷಿಣ ಭಾರತ ಸಭೆಯಾಯಿತು. ಕ್ಯಾಥೊಲಿಕರು ಅದರ ಹೊರಗುಳಿದರು, ನಿಜ. ಆದರೆ 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತರ ಐಕ್ಯವನ್ನು ಕುರಿತ ನಿರ್ಣಯದಲ್ಲಿ ಇತರ ಪಂಥೀಯರನ್ನು ಸಹೋದರರೆಂದು ಕರೆಯಿತು. ಹಗೆಯೇ ಸ್ವಭಾವವೆನ್ನುವವರು ಇವಕ್ಕೆ ಏನು ಕಾರಣ ಹೇಳುವರು?

ತಪ್ಪೆಲ್ಲವೂ ತರುಣರದೆನ್ನಲಾಗದು. ಮತಸುಧಾರಣೆಯ ಪಾಠವನ್ನು ವೆಸ್ಟ್‌ಫಾಲಿಯಾ ಒಪ್ಪಂದದೊಡನೆ ಮುಗಿಸಿಬಿಡುವವರು ಅಧ್ಯಾಪಕರಾದ ನಾವೇ. ಅದೇ ತರಗತಿಯಲ್ಲಿ ಕ್ರೈಸ್ತ ವಿದ್ಯಾರ್ಥಿಯೂ ಕುಳಿತಿರುತ್ತಾನೆ. ಜರ್ಮನಿಯ ಹಳೆಯ ಕದನದಿಂದ ಸಹಪಾಠಿಗಳು ಅವನ ಮನೆಯವರನ್ನು ಅಳೆಯುತ್ತಾರೆ. ಮಹಾಕೂಟಕ್ಕೆ ಹೊರಟ ತಂಡವು ಗುಳೇದಗುಡ್ಡದಲ್ಲಿ ಅರ್ಧ ದಿನ ತಂಗಿ, ಅಲ್ಲಿಯ ಕ್ರೈಸ್ತ ತರುಣರು ಕ್ಯಾಥೊಲಿಕರನ್ನು ಕುರಿತು ಏನೆನ್ನುವರೆಂದು ಕೇಳಿ ಬರೆಯಬಹುದು. ಅಂತಹ ಪ್ರಬಂಧವೊಂದೂ ಇದುವರೆಗೆ ನನ್ನ ಕೈಸೇರಿಲ್ಲ.