ಗಣಕದ ಆಟಗಳಲ್ಲಿ ಹಳತು ಹೊಸತು

ಸಾಹಿತ್ಯಪತ್ರಿಕೆಯಲ್ಲಿ ಗಣಕದ ಆಟಗಳ ವಿಮರ್ಶೆಗೆ ಎಡೆಯೆಲ್ಲಿ ಎಂದು ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಅಂಥವರಿಗೆ ನಮ್ಮ ಜಿಲ್ಲೆಯ ನೆಲದಿಂದಲೇ ಒಂದು ಪ್ರಮಾಣವನ್ನು ಒದಗಿಸುವೆನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ಐದು ವಿಂಶತಿಗಳ ಸಂಸ್ಕೃತ ಗ್ರಂಥ. ರಾಜ್ಯವನ್ನು ಪಡೆಯುವ ಮತ್ತು ಸ್ಥಿರಗೊಳಿಸುವ ಉಪಾಯಗಳಿಂದ ಆರಂಭವಾಗುವ ಆ ಗ್ರಂಥದ ಕಡೆಯ ವಿಂಶತಿಯು ಸಂಪೂರ್ಣವಾಗಿ ಕ್ರೀಡೆಗಳಿಗೆ ಮೀಸಲಾಗಿದೆ. ಚತುರಂಗ, ಪಾಶಕ, ವರಾಟಿಕೆ, ಎಂದರೆ ಚದುರಂಗ, ದಾಳ ಮತ್ತು ಕವಡೆಯ ಆಟಗಳೂ ಅಲ್ಲಿ ನಿರೂಪಿತವಾಗಿವೆ. ಚಕ್ರವರ್ತಿಯೇ ಆಟಗಳ ವಿಚಾರವನ್ನು ಬರೆಯಲು ನಾಚದಿರುವಲ್ಲಿ ನಿವೃತ್ತ ಉಪಾಧ್ಯಾಯನೊಬ್ಬನು ಸಂಕೋಚಪಡಬೇಕಾದುದಿಲ್ಲ.

ಈ ಲೇಖನಕ್ಕೆ ನಿಮಿತ್ತವಾದ ಪ್ರಸಂಗವಿದು. ಕಳೆದ ಬೇಸಗೆಯ ರಜೆಯಲ್ಲಿ ನನ್ನ ಮಗನೂ ಹನ್ನೊಂದು ವರ್ಷದ ಮೊಮ್ಮಗನೂ ಔರಾದಿಗೆ ಬಂದಿದ್ದರು. ಹುಡುಗನು ಹಗಲೆಲ್ಲ ಮೊಬೈಲಿನಲ್ಲಿ ಒಂದು ಆಟವನ್ನು ಆಡುತ್ತಿದ್ದನು. ಅದನ್ನು ಕಂಡು ನನ್ನ ಮಗನು, ‘ಈಗಿನ ಆಟಗಳೊಳಗ ರುಚಿನೇ ಇಲ್ಲಪ್ಪಾ, ನಮ್ಮ ಕಾಲದವು ಆಟ’ ಎಂದು ನಿಟ್ಟುಸಿರುಬಿಟ್ಟನು. ನನಗೆ ನಗು ಬಂದಿತು. ಅವನು ಹುಡುಗನಾಗಿದ್ದಾಗ, 1998ರ ಸುಮಾರಿಗೆ, ಬೀದರಿನ ಬಂಧುಗಳ ಮನೆಯ ಕಂಪ್ಯೂಟರಿನ ಮುಂದೆ ಊಟ ಮರೆತು ಕುಳಿತಿರುತ್ತಿದ್ದನು; ಆಗ ನಾನೂ ಅವನಿಗೆ ಪಗಡೆ ಹುಲಿಕಟ್ಟುಗಳ ಹಿರಿಮೆಯನ್ನು ಸಾರುತ್ತ ಇಂಥದೇ ನಿಟ್ಟುಸಿರನ್ನು ಬಿಟ್ಟಿದ್ದೆನು.

ಹಾಗಾದರೆ ಇದು ಬರಿಯ ಬಾಲ್ಯದ ಹಂಬಲವೆ? ಹಳೆಯದೆಂಬ ಮಾತ್ರಕ್ಕೆ ಮನ್ನಣೆ ಸಲ್ಲಬಹುದೇ ಎಂಬ ಪ್ರಶ್ನೆಯನ್ನು ಕಾಳಿದಾಸನೇ ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಎತ್ತಿರುವನು. ಎಳವೆಯಲ್ಲಿ ತಿಂದ ಬಾರೆಹಣ್ಣು ನೆನಪಿನಲ್ಲಿ ಹುಳಿಯಾಗುವುದಿಲ್ಲ. ಆದುದರಿಂದ ತೀರ್ಪನ್ನು ಮಗನ ನೆನಪಿಗೆ ಬಿಡದೆ, ಹಳೆಯ ಆಟವನ್ನು ಮತ್ತೆ ಯಂತ್ರದಲ್ಲಿ ಹಾಕಿಸಿ, ಅದರ ನೆನಪೇ ಇಲ್ಲದ ಮೊಮ್ಮಗನ ಕೈಗೆ ಕೊಟ್ಟು ನೋಡಿದೆನು.

ಆ ಆಟದ ಹೆಸರು ‘ಪ್ರಿನ್ಸ್ ಆಫ್ ಪರ್ಶಿಯಾ’. ಅಮೆರಿಕದ ಜೋರ್ಡನ್ ಮೆಕ್ನರ್ ಎಂಬ ತರುಣನು ಅದನ್ನು ರಚಿಸಿ 1989ರಲ್ಲಿ ಪ್ರಕಟಿಸಿದನು. ಪರ್ಶಿಯದ ಹೆಸರು ಬೀದರಿನವರಿಗೆ ಹೊಸತಲ್ಲ. ಅಲ್ಲಿಂದ ಬಂದ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾ ನಮ್ಮ ಕಣ್ಣೆದುರಿಗೇ ಇದೆ. ಕಥೆ ಸರಳವಾದುದು. ಸುಲ್ತಾನನು ಯುದ್ಧಕ್ಕೆ ಹೋಗಿರಲಾಗಿ ದುಷ್ಟ ವಜೀರನು ರಾಜಕುಮಾರಿಯನ್ನು ಸೆರೆಯಿಟ್ಟು, ತನ್ನನ್ನು ವರಿಸುವೆಯೋ ಸಾಯುವೆಯೋ ಎಂದು ಒಂದು ಗಂಟೆಯ ಗಡುವು ಕೊಡುತ್ತಾನೆ. ಅವಳ ಪ್ರಿಯನು ನೆಲಮಾಳಿಗೆಯ ಸೆರೆಯಿಂದ ತಪ್ಪಿಸಿಕೊಂಡು ಆ ಅರವತ್ತು ನಿಮಿಷಗಳೊಳಗೆ ಅವಳನ್ನು ಮುಟ್ಟಬೇಕು. ಸತ್ತರೆ ಆ ಘಟ್ಟವನ್ನು ಮೊದಲಿನಿಂದ ಆಡಬಹುದು. ಆದರೆ ಕಳೆದ ಗಳಿಗೆ ಮರಳಿ ಬಾರದು. ಮೆಕ್ನರನು ತನ್ನ ತಮ್ಮನು ಓಡುವ, ಜಿಗಿಯುವ ಚಲನಚಿತ್ರವನ್ನು ತೆಗೆದು, ಅದನ್ನೇ ನೋಡಿ ಒಂದೊಂದು ಭಂಗಿಯನ್ನು ಬರೆದನು. ಆದ್ದರಿಂದ ಆ ಚಿಕ್ಕ ಬೊಂಬೆಗೆ ದೇಹದ ಭಾರವಿದೆ. ಅದು ಬಿದ್ದರೆ ನಮ್ಮ ಮೈ ಜುಮ್ಮೆನ್ನುತ್ತದೆ.

ಇದಕ್ಕಿಂತ ಹೆಚ್ಚಿನ ಸ್ವಾರಸ್ಯ ಬೇರೊಂದರಲ್ಲಿದೆ. ನಡುದಾರಿಯಲ್ಲಿ ಕನ್ನಡಿಯೊಂದು ಅಡ್ಡ ಬರುತ್ತದೆ. ನಾಯಕನು ಅದರೊಳಗಿಂದ ಹಾರಿದರೆ ಅವನ ಛಾಯೆಯು ಬೇರ್ಪಟ್ಟು ಓಡಿಹೋಗುತ್ತದೆ. ಮುಂದೆ ಅದು ಅವನಿಗೆ ಅಡ್ಡಿಮಾಡುತ್ತ, ಕಡೆಯ ಘಟ್ಟದಲ್ಲಿ ಕತ್ತಿ ಹಿರಿದು ಎದುರು ನಿಲ್ಲುತ್ತದೆ. ಅದನ್ನು ಹೊಡೆದರೆ ಹೊಡೆದವನ ಪ್ರಾಣವೇ ಕುಗ್ಗುತ್ತದೆ. ಗೆಲ್ಲುವ ಉಪಾಯ ಒಂದೇ: ಕತ್ತಿಯನ್ನು ಒರೆಗೆ ಸೇರಿಸಿ ಅದರೆಡೆಗೆ ನಡೆಯುವುದು. ಆಗ ಎರಡೂ ಒಂದಾಗುತ್ತವೆ. ಇದು ರಚಿತವಾದುದು ಐಶ್ವರ್ಯದಿಂದಲ್ಲ, ದಾರಿದ್ರ್ಯದಿಂದ. ಆ ಕಾಲದ ಯಂತ್ರದ ಸ್ಮೃತಿಯಲ್ಲಿ ಇನ್ನೊಂದು ಪಾತ್ರದ ಚಿತ್ರಗಳಿಗೆ ಸ್ಥಳವಿಲ್ಲದ್ದರಿಂದ ರಚಯಿತನು ನಾಯಕನ ಚಿತ್ರವನ್ನೇ ಮಾರ್ಪಡಿಸಿ ಪ್ರತಿನಾಯಕನನ್ನು ಪಡೆದನು.

ನಮ್ಮ ಮೊಮ್ಮಗನು ಮೊದಲನೆಯ ದಿನ ಇದನ್ನು ‘ಕೆಟ್ಟ ಆಟ’ ಎಂದು ದೂಡಿಬಿಟ್ಟನು. ನಾಲ್ಕನೆಯ ದಿನಕ್ಕೆ ತಾನಾಗಿಯೇ ಕುಳಿತನು. ತಂದೆಮಕ್ಕಳು ಕೂಡಿ ಹತ್ತನೆಯ ದಿನ ಛಾಯೆಯ ಬಳಿ ಬಂದರು. ಹುಡುಗನು ಎರಡು ಸಲ ಹೊಡೆದು ಎರಡು ಸಲವೂ ಸತ್ತನು. ಉತ್ತರವನ್ನು ಬಲ್ಲ ತಂದೆಯು ಬಾಯಿ ಬಿಡಲಿಲ್ಲ. ಮೂರನೆಯ ಸಲ ಹುಡುಗನು ಸ್ವಲ್ಪ ಸುಮ್ಮನಿದ್ದು ಕತ್ತಿಯನ್ನು ಇಳಿಸಿದನು. ಬಳಿಕ ನನ್ನ ಕಡೆ ತಿರುಗಿ, ‘ಅಜ್ಜಾ, ಅಂವ ನಾನೇ ಇದ್ದ’ ಎಂದನು. ಅವನಿಗೆ ಆ ಅರಿವನ್ನು ಯಾರೂ ಮಾರಲಿಲ್ಲ, ತಾನೇ ಪಡೆದನು.

ನಾಟ್ಯಶಾಸ್ತ್ರವು ಕಥಾವಸ್ತುವಿಗೆ ಐದು ಸಂಧಿಗಳನ್ನು ಹೇಳುತ್ತದೆ: ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ಕನ್ನಡಿಯಲ್ಲಿ ಬಿತ್ತಿದ ಬೀಜವು ಕಡೆಯಲ್ಲಿ ಫಲಿಸುವ ಈ ಆಟದಲ್ಲಿ ಐದೂ ಇವೆ. ಹಳೆಯ ಆಟಗಳೆಲ್ಲವೂ ಹೀಗೆ ಕಥೆಯುಳ್ಳವಲ್ಲವೆಂಬುದು ನಿಜ. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿತ್ನೋವ್ ಎಂಬವನು, ಚಿತ್ರ ಬಿಡಿಸಲಾರದ ಯಂತ್ರದಲ್ಲಿ ಆವರಣಚಿಹ್ನೆಗಳನ್ನೇ ಜೋಡಿಸಿ ರಚಿಸಿದ ಟೆಟ್ರಿಸ್ ಆಟದಲ್ಲಿ ಕಥೆಯೂ ಇಲ್ಲ, ಗೆಲವೂ ಇಲ್ಲ. 1997ರಿಂದ ನೋಕಿಯಾ ಫೋನುಗಳಲ್ಲಿ ಬಂದ ಹಾವಿನ ಆಟದಲ್ಲಿ ಹಾವು ಉದ್ದವಾದಷ್ಟೂ ತನ್ನನ್ನೇ ಕಚ್ಚುವ ಭಯ ಹೆಚ್ಚು. ಆದರೆ ಸೋಲೂ ಒಂದು ನಿರ್ವಹಣವೇ. ‘ಮುಗಿಯಿತು, ನೀನು ಸೋತೆ’ ಎಂದು ಅವು ಪ್ರಾಮಾಣಿಕವಾಗಿ ಹೇಳಿ ನಮ್ಮನ್ನು ಬಿಟ್ಟುಕೊಡುತ್ತವೆ.

ಈಗ ಹುಡುಗನ ಮೊಬೈಲಿನ ಆಟವನ್ನು ನೋಡೋಣ. ಅದರ ಹೆಸರು ಇಲ್ಲಿ ಅನಾವಶ್ಯಕ. ಚಿತ್ರಗಳ ಬೆಡಗನ್ನು ಕಂಡು ನಾನು ಬೆರಗಾದೆನು. ನೀರು, ಹೊಗೆ, ಮುಂಜಾವಿನ ಬೆಳಕು ಎಲ್ಲವೂ ನಿಜವೆಂಬಂತೆ ತೋರಿದುವು. ಪ್ರವೇಶಕ್ಕೆ ಬಿಡಿಗಾಸೂ ಬೇಡ. ‘ಇದು ಎಲ್ಲಿಗೆ ಮುಗಿಯುತ್ತದೆ?’ ಎಂದು ಕೇಳಿದೆನು. ‘ಇದು ಮುಗಿಯಂಗಿಲ್ಲ ಅಜ್ಜಾ, ಬರೇ ಮುಂದ ಹೋಗ್ತದ’ ಎಂದನು. ದಿನಕ್ಕೊಂದು ಬಹುಮಾನವುಂಟು, ಒಂದು ದಿನ ತಪ್ಪಿದರೆ ಸಾಲು ಕಡಿದುಹೋಗುತ್ತದೆ. ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಗಳುಂಟು. ಅವನ್ನು ತೆರೆಯಲು ವಜ್ರಗಳು ಬೇಕು, ವಜ್ರಗಳಿಗೆ ರೂಪಾಯಿ ಬೇಕು. ಮನೆಯವರ ಫೋನಿನಿಂದ 799 ರೂಪಾಯಿ ಹೋದುದು ಆಮೇಲೆ ತಿಳಿಯಿತು. ಹಣ ಹೋದುದಕ್ಕಿಂತ, ಹುಡುಗನು ಅದನ್ನು ತಪ್ಪೆಂದು ತಿಳಿಯದೆ ಆಟದ ನಡೆಯೆಂದೇ ತಿಳಿದಿದ್ದನೆಂಬುದು ನನ್ನನ್ನು ನೋಯಿಸಿತು. ಐದು ಸಂಧಿಗಳಲ್ಲಿ ಇದಕ್ಕೆ ನಿರ್ವಹಣವೇ ಇಲ್ಲ. ಫಲವು ಸದಾ ಇನ್ನೊಂದು ಮೆಟ್ಟಲಿನಾಚೆ ಹೊಳೆಯುತ್ತಿರಬೇಕು, ಕೈಗೆ ಬರಬಾರದು. ಬಂದರೆ ವ್ಯಾಪಾರ ನಿಂತುಹೋದೀತು.

ಇದಕ್ಕೂ ಮಿಗಿಲಾದ ದೋಷ ಇನ್ನೊಂದಿದೆ. ಆಟದ ಜೀವವೆಂದರೆ ಸಮಾನವಾದ ನಿಯಮ. ಚೌಕಾಬಾರದ ಮನೆಯಲ್ಲಿ ಕವಡೆಗಳು ಗೌಡನಿಗೂ ಆಳಿಗೂ ಒಂದೇ ಬಗೆಯಾಗಿ ಬೀಳುತ್ತವೆ. ಸಭಾಪರ್ವದಲ್ಲಿ ದುರ್ಯೋಧನನು ಪಣಕ್ಕೆ ಧನವನ್ನು ತಾನು ಕೊಡುವೆನೆಂದೂ ತನಗಾಗಿ ಶಕುನಿ ಆಡುವನೆಂದೂ ಹೇಳಿದಾಗ, ಒಬ್ಬನಿಗಾಗಿ ಇನ್ನೊಬ್ಬನು ಆಡುವುದು ವಿಷಮವೆಂದು ಧರ್ಮರಾಜನು ಆಕ್ಷೇಪಿಸುತ್ತಾನೆ. ಆಕ್ಷೇಪಿಸಿಯೂ ಕುಳಿತುಬಿಟ್ಟನು, ಅದರ ಫಲ ಸರ್ವವಿದಿತ. ಹೊಸ ಆಟಗಳಲ್ಲಿ ಬಹುಪಾಲಿನ ವೈಷಮ್ಯವೂ ಇಂಥದೇ. ಹೆಚ್ಚು ಬಲದ ಆಯುಧವನ್ನು ಕೊಂಡ ಹುಡುಗನು ಗೆದ್ದರೆ ಆಡಿದವರು ಯಾರು? ಹುಡುಗನಿಗಾಗಿ ಹಣವು ಆಡಿತು, ಹುಡುಗನು ಪ್ರೇಕ್ಷಕನಾದನು. ಕೊಳ್ಳಲಾರದವನು ಸೋತು, ತನ್ನ ಕೈಚಳಕ ಸಾಲದೆಂದಲ್ಲ, ತನ್ನ ತಂದೆಯ ಜೇಬು ಸಾಲದೆಂದು ಕಲಿಯುತ್ತಾನೆ.

ಇಲ್ಲಿ ಪೂರ್ವಪಕ್ಷವನ್ನು ಮರೆಮಾಚುವುದು ನ್ಯಾಯವಲ್ಲ. ಹಳೆಯ ಕಾಲವೂ ಕೃತಯುಗವಾಗಿರಲಿಲ್ಲ. 1978ರ ‘ಸ್ಪೇಸ್ ಇನ್ವೇಡರ್ಸ್’, 1980ರ ‘ಪ್ಯಾಕ್‌ಮ್ಯಾನ್’ ಮೊದಲಾದವು ಅಂಗಡಿಯ ಯಂತ್ರಗಳಲ್ಲಿ ನಾಣ್ಯ ನುಂಗುತ್ತಿದ್ದುವು. ಅಲ್ಲಿ ಆಟಗಾರನು ಬೇಗ ಸತ್ತಷ್ಟೂ ಅಂಗಡಿಯವನಿಗೆ ಲಾಭ. ಎರಡನೆಯದಾಗಿ, ನನ್ನ ಮಗನು ಆಡಿದ ಆಟಗಳು ಫ್ಲಾಪಿಯಿಂದ ಫ್ಲಾಪಿಗೆ ನಕಲಾಗಿ ಬಂದವು. ರಚಿಸಿದವನಿಗೆ ಒಂದು ಕಾಸನ್ನೂ ನಾವು ಕೊಡಲಿಲ್ಲ. ಬೆಲೆ ಕೊಟ್ಟು ಕೊಳ್ಳುವವರಿಲ್ಲದಲ್ಲಿ ಪುಕ್ಕಟೆಯ ಬಲೆ ಹುಟ್ಟಿದುದಕ್ಕೆ ನಾವೂ ಪಾಲುಗಾರರು. ಮೂರನೆಯದಾಗಿ, ಆಗ ಔರಾದಿನಲ್ಲಿ ಕಂಪ್ಯೂಟರು ಇದ್ದ ಮನೆಗಳೆಷ್ಟು? ಇಂದು ಕೂಲಿಯವನ ಮಗನೂ ಮೊಬೈಲಿನಲ್ಲಿ ಆಡಬಲ್ಲನು. ಹೊಸತರಲ್ಲಿ ಸತ್ವವುಳ್ಳವೂ ಇವೆ. ಪುಣೆಯ ತರುಣರು 2020ರಲ್ಲಿ ಹೊರತಂದ ‘ರಾಜಿ’ ಎಂಬ ಆಟವು ನಮ್ಮ ಪುರಾಣಲೋಕದಲ್ಲಿ ತಮ್ಮನನ್ನು ಹುಡುಕುವ ಅಕ್ಕನ ಕಥೆ. ಅದನ್ನು ಒಮ್ಮೆ ಕೊಂಡರೆ ಸಾಕು, ಅದಕ್ಕೆ ಕೊನೆಯೂ ಉಂಟು. ಆದುದರಿಂದ ದೋಷವು ಹೊಸತನದಲ್ಲಿಲ್ಲ. ಆಟವು ಯಾವ ಬಗೆಯಿಂದ ಮಾರಾಟವಾಗುತ್ತದೆಯೋ ಆ ಬಗೆಯು ಅದರ ರಚನೆಯೊಳಕ್ಕೇ ಇಳಿಯುತ್ತದೆ. ಒಮ್ಮೆ ಮಾರುವವನು ಒಳ್ಳೆಯ ಮುಕ್ತಾಯವನ್ನು ಯೋಚಿಸುತ್ತಾನೆ. ದಿನವೂ ಮಾರಬೇಕಾದವನು ಮುಕ್ತಾಯಕ್ಕೆ ಹೆದರುತ್ತಾನೆ.

ಸರಕಾರವು ನೋಡಿಕೊಳ್ಳಲಿ ಎಂದು ಕೆಲವರು ಹೇಳುವರು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರವು ‘ಪಬ್ಜಿ’ ಸೇರಿ 118 ಆ್ಯಪುಗಳನ್ನು ನಿಷೇಧಿಸಿದುದು ದೇಶದ ಸಾರ್ವಭೌಮತೆ ಭದ್ರತೆಗಳ ಕಾರಣದಿಂದ. ಆಟದ ಗುಣದ ವಿಚಾರ ಅಲ್ಲಿರಲಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಶಾಸನವು, ಹಣ ತೆತ್ತು ಹಣ ಗೆಲ್ಲುವ ಆಸೆಯಿಂದ ಆಡುವ ಜಾಲದಾಟಗಳನ್ನು ನಿಷೇಧಿಸುತ್ತದೆ. ಅದು ಮನುವು ದ್ಯೂತವೆಂದು ಕರೆದುದರ ಹೊಸ ರೂಪವನ್ನು ಹಿಡಿಯುವ ಬಲೆ. ಆದರೆ ಹಣವನ್ನು ಕೊಟ್ಟು ಹಣದ ಬದಲು ಬಣ್ಣದ ಕತ್ತಿಯನ್ನು ಪಡೆಯುವ ಆಟವು ಆ ಬಲೆಯ ಕಣ್ಣಿನಿಂದ ನುಸುಳಿಹೋಗುತ್ತದೆ. ಬೆಲ್ಜಿಯಂ ದೇಶದಲ್ಲಿ, ಹಣ ಕೊಟ್ಟು ತೆರೆಯುವ ಅಜ್ಞಾತ ಪೆಟ್ಟಿಗೆಗಳನ್ನು ಜೂಜೆಂದೇ 2018ರಲ್ಲಿ ಪರಿಗಣಿಸಿದರು. ಶಾಸನವು ಮುಟ್ಟದ ಎಡೆಯಲ್ಲಿ ಕೆಲಸಮಾಡತಕ್ಕದ್ದು ವಿಮರ್ಶೆ. ಕಾವ್ಯದಲ್ಲಿ ಗುಣದೋಷಗಳನ್ನು ಆರಿಸುವ ಮನೆತನಗಳು ಮಕ್ಕಳ ಆಟದಲ್ಲಿ ಆ ಕಣ್ಣನ್ನು ಮುಚ್ಚಿಕೊಳ್ಳುವುದೇಕೆ?

ಮನೆಯ ಹಿರಿಯರು ಯಾವ ಆಟವನ್ನಾದರೂ ಮೂರು ಪ್ರಶ್ನೆ ಕೇಳಿ ನೋಡಲಿ. ಇದಕ್ಕೆ ಕೊನೆಯುಂಟೆ? ನಿಯಮವು ಇದ್ದವನಿಗೂ ಇಲ್ಲದವನಿಗೂ ಒಂದೆಯೆ? ಗೆದ್ದಾಗ ಗೆದ್ದವನು ಮಗುವೆ, ಹಣವೆ? ಮೂರಕ್ಕೂ ನೇರವಾದ ಉತ್ತರವಿದ್ದರೆ ಆಟವು ನಿನ್ನೆಯದಾಗಲಿ ಇಂದಿನದಾಗಲಿ, ಮಗುವಿನ ಜೊತೆಗೆ ಕುಳಿತು ಆಡಬಹುದು.

ನನ್ನ ಪರೀಕ್ಷೆ ಜಯಪ್ರದವಾಯಿತೆಂದು ಹೇಳಿಕೊಳ್ಳಲಾರೆ. ಛಾಯೆಯನ್ನು ಗೆದ್ದ ದಿನವೇ ಸಂಜೆ ಮೊಮ್ಮಗನ ಮೊಬೈಲು ಟಿಣ್ ಎಂದಿತು. ದಿನದ ಬಹುಮಾನ ಕಾಯುತ್ತಿತ್ತು. ಅವನು ಒಮ್ಮೆ ನನ್ನ ಮುಖವನ್ನು ನೋಡಿ ಮೊಬೈಲನ್ನು ಎತ್ತಿಕೊಂಡನು. ಆದರೆ ಊರಿಗೆ ಹೊರಡುವಾಗ ಹಳೆಯ ಆಟವನ್ನು ಮನೆಯ ಕಂಪ್ಯೂಟರಿಗೂ ಹಾಕಿಕೊಡೆಂದು ತಂದೆಯನ್ನು ಕೇಳಿದನು. ಮುಗಿದ ಆಟವನ್ನು ಮತ್ತೇಕೆ ಎಂದು ನಾನು ಕೇಳಿದ್ದಕ್ಕೆ, ಗಳಿಗೆ ಉಳಿಸಿ ಇನ್ನೊಮ್ಮೆ ಮುಗಿಸಬೇಕೆಂದನು.