ಅಭ್ಯಾಸವೂ ಗುರುವೂ

ಶ್ರಮವನ್ನು ವರ್ಣಿಸುವ ಗ್ರಂಥಗಳು ಅಪೂರ್ವವಲ್ಲ. ಶ್ರಮಕ್ಕೆ ಅಣಿಯಾಗುವ ದಿನಗಳನ್ನು ವರ್ಣಿಸುವವು ವಿರಳ. ಜಪಾನಿನ ಕಾದಂಬರಿಕಾರರಾದ ಹರುಕಿ ಮುರಕಾಮಿಯವರು 2007ರಲ್ಲಿ ಪ್ರಕಟಿಸಿದ, ಮರುವರ್ಷ ಫಿಲಿಪ್ ಗೇಬ್ರಿಯಲ್ ಅವರ ಇಂಗ್ಲಿಷ್ ಭಾಷಾಂತರದಿಂದ ನಮಗೂ ಎಟುಕಿದ, ಓಟವನ್ನು ಕುರಿತ ಆತ್ಮಕಥನವು ಈ ವಿರಳಜಾತಿಗೆ ಸೇರಿದುದು. ನಮ್ಮ ಬಂಧುವರ್ಗದ ತರುಣನೊಬ್ಬನು ತನ್ನ ಮೊದಲನೆಯ ದೀರ್ಘ ಟ್ರಯಾಥ್ಲಾನಿಗೆ ಸಿದ್ಧನಾಗುತ್ತ ಇದನ್ನೇ ನಿತ್ಯಪಾರಾಯಣ ಮಾಡುತ್ತಿರುವನು. ಗ್ರಂಥವು ಅವನಿಗೆ ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು ಎಂಬುದೇ ಇಲ್ಲಿಯ ವಿಚಾರ.

ಈ ಸ್ಪರ್ಧೆಯನ್ನರಿಯದ ವಾಚಕರಿಗೆ ಒಂದೆರಡು ಮಾತು. ಇದರ ದೀರ್ಘರೂಪವು 1978ನೆಯ ಫೆಬ್ರವರಿ 18ರಂದು ಹವಾಯಿಯ ಒವಾಹು ದ್ವೀಪದಲ್ಲಿ, ಜಾನ್ ಮತ್ತು ಜೂಡಿ ಕಾಲಿನ್ಸ್ ದಂಪತಿಗಳ ಪ್ರೇರಣೆಯಿಂದ ಮೊದಲಾಯಿತು. ಅಲ್ಲಿ ಬೇರೆಬೇರೆಯಾಗಿ ನಡೆಯುತ್ತಿದ್ದ ಮೂರು ಸ್ಪರ್ಧೆಗಳನ್ನು ಒಂದೇ ದಿನಕ್ಕೆ ಪೋಣಿಸಿದರು: 3.8 ಕಿಲೋಮೀಟರು ಈಜು, 180 ಕಿಲೋಮೀಟರು ಸೈಕಲ್ ಸವಾರಿ, 42.2 ಕಿಲೋಮೀಟರು ಓಟ. ಹೊರಟವರು 15 ಮಂದಿ. ಗುರಿ ಮುಟ್ಟಿದವರು 12. ಒಂದರಿಂದ ಇನ್ನೊಂದಕ್ಕೆ ಸಾಗುವಾಗ ಗಡಿಯಾರವು ನಿಲ್ಲುವುದಿಲ್ಲ. ಸವಾರಿಯಲ್ಲಿ ಬಲವನ್ನು ದುಂದುಮಾಡಿದವನು ಓಟದಲ್ಲಿ ಸಾಲ ತೀರಿಸಬೇಕಾಗುವುದು. ಆದುದರಿಂದ ಅಂಗಗಳು ಮೂರಾದರೂ ಸ್ಪರ್ಧೆಯು ಒಂದೇ.

ಗ್ರಂಥದ ಗುಣವನ್ನು ಮೊದಲು ಹೇಳುವುದು ನ್ಯಾಯ. ಅದರಲ್ಲಿ ಆತ್ಮಪ್ರಶಂಸೆಯಿಲ್ಲ. 1982ರಲ್ಲಿ ಓಡಲಾರಂಭಿಸಿದ ಗ್ರಂಥಕರ್ತರು, 2005ರ ನ್ಯೂಯಾರ್ಕ್ ಮ್ಯಾರಥಾನಿಗೆ ಸಿದ್ಧರಾಗುವಾಗ ವಯಸ್ಸಿನಿಂದ ತಮ್ಮ ಗತಿಯು ಕುಗ್ಗುತ್ತಿರುವುದನ್ನು ಮುಚ್ಚಿಡದೆ ಬರೆದಿರುವರು. 1996ರಲ್ಲಿ ಸರೋಮಾ ಸರೋವರದ ಬಳಿ 100 ಕಿಲೋಮೀಟರು ಓಡಿ ಮುಗಿಸಿದ ಮೇಲೆ ಓಟದಲ್ಲಿ ತಮಗಿದ್ದ ಹುರುಪೇ ಬತ್ತಿತೆಂಬುದನ್ನೂ ಒಪ್ಪಿಕೊಂಡಿರುವರು. ಉತ್ಸಾಹವು ವೀರರಸದ ಸ್ಥಾಯಿಭಾವವೆಂದು ನಾವು ಓದಿದವರು. ಸ್ಥಾಯಿಯೂ ಬತ್ತುವುದುಂಟು, ಬತ್ತಿದ ಮೇಲೂ ದಿನಚರಿಯು ನಡೆಯಬೇಕು ಎಂಬ ಈ ಮಾತು ಹೊಸಬನಿಗೆ ಜಯಗಾಥೆಗಿಂತ ಹಿತಕರ.

ಇನ್ನು ಭಿನ್ನಾಭಿಪ್ರಾಯ. ಕಾದಂಬರಿಕಾರನಿಗೆ ಪ್ರತಿಭೆ, ಏಕಾಗ್ರತೆ, ಸಹನಶಕ್ತಿಗಳೆಂಬ ಮೂರು ಬೇಕು. ಮೊದಲನೆಯದು ಹುಟ್ಟಿನಿಂದ ಬಂದುದು, ಉಳಿದೆರಡನ್ನು ಸಾಧನೆಯಿಂದ ಪಡೆಯಬಹುದು ಎಂದು ಮುರಕಾಮಿಯವರ ಮತ. ನಮ್ಮ ಮಮ್ಮಟನೂ ಮೂರನ್ನೇ ಹೇಳಿದನು: ಶಕ್ತಿ, ಲೋಕಶಾಸ್ತ್ರಾದಿಗಳ ಅವಲೋಕನದಿಂದ ಬಂದ ನಿಪುಣತೆ, ಅಭ್ಯಾಸ. ಮೂರೂ ಕೂಡಿ ಒಂದೇ ಕಾರಣವೆಂಬುದು ಅವನ ಸಿದ್ಧಾಂತ. ಅಭ್ಯಾಸವನ್ನಾದರೂ ಅವನು ಬರಿಯ ಪುನರಾವೃತ್ತಿಯೆನ್ನಲಿಲ್ಲ. ಕಾವ್ಯವನ್ನು ಬಲ್ಲವರ ಶಿಕ್ಷೆಯಿಂದ ನಡೆಯುವ ಅಭ್ಯಾಸವೆಂದನು. ಆ ಬಲ್ಲವರೇ ಮುರಕಾಮಿಯವರ ಪಟ್ಟಿಯಲ್ಲಿಲ್ಲ. ಅಷ್ಟೇ ಅಲ್ಲ, ಮುಖ್ಯವಾದುವನ್ನು ಶಾಲೆಯಲ್ಲಿ ಕಲಿಯಲಾಗದೆಂಬ ಅಭಿಪ್ರಾಯವನ್ನೂ ಅವರು ಈ ಗ್ರಂಥದಲ್ಲಿ ಸೂಚಿಸಿರುವರು. ಬಹುಕಾಲ ಶಾಲೆಯಲ್ಲಿ ಕಳೆದ ನಮಗೆ ಈ ಮಾತು ಚುಚ್ಚಿದುದು ನಿಜ. ಚುಚ್ಚಿದ ಮಾತ್ರಕ್ಕೆ ಸುಳ್ಳೆನ್ನುವಂತಿಲ್ಲ.

ಆದರೆ ಇದಕ್ಕೆ ಉತ್ತರವು ಅವರ ಗ್ರಂಥದಲ್ಲಿಯೇ ಇರುವುದು. ಹಿಂದೊಮ್ಮೆ ಟ್ರಯಾಥ್ಲಾನಿನಲ್ಲಿ ಸಮುದ್ರಕ್ಕಿಳಿಯುತ್ತಲೇ ಅವರ ಉಸಿರು ಹಿಡಿತ ತಪ್ಪಿತು, ಸ್ಪರ್ಧೆಯನ್ನೇ ಬಿಡಬೇಕಾಯಿತು. ವರ್ಷಗಟ್ಟಲೆ ಓಡಿ ಗಳಿಸಿದ ಸಹನೆಯು ಅಲ್ಲಿ ನೆರವಾಗಲಿಲ್ಲ. ಕೊನೆಗೆ ಶಿಕ್ಷಕಿಯೊಬ್ಬರು ಅವರ ಈಜನ್ನು ಬಿಡಿಸಿ ಮತ್ತೆ ಕಟ್ಟಿಕೊಟ್ಟರು. 2006ರಲ್ಲಿ ನೀಗಾತಾ ಪ್ರಾಂತದ ಸ್ಪರ್ಧೆಯನ್ನು ಅವರು ಮುಗಿಸಿದರು. ಗ್ರಂಥದ ಅತ್ಯುತ್ತಮ ಭಾಗಗಳಲ್ಲಿ ಇದೊಂದು. ಆದರೂ ಗ್ರಂಥಕರ್ತರು ಅದರಿಂದ ಸಿದ್ಧಾಂತವನ್ನು ತೆಗೆಯದೆ ಮುಂದೆ ನಡೆದುಬಿಟ್ಟಿರುವರು. ಏಕಾಂತವನ್ನು ಅಷ್ಟಾಗಿ ಪ್ರೀತಿಸುವವರು ಗುರುಋಣವನ್ನು ಘಟನೆಯಾಗಿ ಹೇಳಬಲ್ಲರು, ತತ್ತ್ವವಾಗಿ ಒಪ್ಪಲಾರರು. ಇದೇ ಈ ಕೃತಿಯ ನ್ಯೂನತೆ.

ಮತ್ತೊಂದು ಎಚ್ಚರಿಕೆ. ಅವರದು 1.5, 40, 10 ಕಿಲೋಮೀಟರುಗಳ ಅಲ್ಪರೂಪ. ಹಗಲೆಲ್ಲ ನಡೆಯುವ ದೀರ್ಘರೂಪದಲ್ಲಿ ಸೈಕಲ್ಲಿನ ಮೇಲೆಯೇ ಉಣ್ಣುವುದೂ ಕುಡಿಯುವುದೂ ಕಲಿತು ಬರಬೇಕಾದ ವಿದ್ಯೆಗಳು. ಅವುಗಳಿಗೆ ಈ ಗ್ರಂಥವು ಕೈಪಿಡಿಯಾಗಲಾರದು.

ನಮ್ಮ ತರುಣನಿಗೆ ಹೇಳಿದುದಿಷ್ಟು: ಮನಸ್ಸು ಕುಗ್ಗಿದ ದಿನ ಇದನ್ನು ಓದು, ಆದರೆ ನೀರಿಗಿಳಿಯುವ ಮುನ್ನ ಈಜು ಬಲ್ಲವರೊಬ್ಬರನ್ನು ಹುಡುಕಿಕೊ. ಅವನು ನಕ್ಕು ಒಪ್ಪಿದನು. ವಾಚಕರೂ ಈ ಗ್ರಂಥವನ್ನು ಓದಲಿ, ಆ ಶಿಕ್ಷಕಿಯ ಪುಟಗಳನ್ನು ಎರಡು ಸಲ ಓದಲಿ ಎಂದು ಬಿನ್ನಹ.